ಮೇಲಿನ ಮನೆಯ ಒಂದು ಓಟು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಇತಿಮಿತಿ ಇರಬೇಕು ಎಂದು ನಂಬಿ ಬಂದವನು ನಾನು. ಕಂಡಕಂಡದ್ದಕ್ಕೆಲ್ಲ ಹೊಟ್ಟೆ ಉರಿಸಿಕೊಳ್ಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಕೋಗಿಲಿನಲ್ಲಿ ಅಂಥವರಿಗೇನೂ ಬರವಿಲ್ಲ. ಪಕ್ಕದವನು ಎರಡು ಮಹಡಿ ಏರಿಸಿದನೆಂದು, ಪಾಯ ತಡೆಯುತ್ತದೋ ಇಲ್ಲವೋ ನೋಡದೆ ನಾಲ್ಕು ಏರಿಸಿದವರಿದ್ದಾರೆ. ದಾಯಾದಿ ದೊಡ್ಡ ಕಾರು ತಂದನೆಂದು ಅದಕ್ಕಿಂತ ದೊಡ್ಡದನ್ನು ತಂದು, ನಮ್ಮ ಓಣಿಯೊಳಗೆ ಅದು ತಿರುಗದೆ, ದಿನಾ ಮುಖ್ಯರಸ್ತೆಯವರೆಗೆ ರಿವರ್ಸಿನಲ್ಲೇ ಹೋಗುವವರಿದ್ದಾರೆ. ನನಗೆ ಇದ್ಯಾವುದೂ ಅಂಟಿರಲಿಲ್ಲ. ಜಮೀನು ಲೇಔಟ್ ಆಯಿತು, ಉಳಿದ ಜಾಗದಲ್ಲಿ ಒಂದು ಮನೆ ಕಟ್ಟಿ, ಕೆಳಗೆ ನಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟು, ಯಶವಂತಪುರದ ಕಾರ್ಖಾನೆಯೊಂದರಿಂದ ನಿವೃತ್ತನಾಗಿ, ಬೆಳಿಗ್ಗೆ ಪೇಪರು, ಸಂಜೆ ವಾಕಿಂಗು ಎಂದು ತಣ್ಣಗಿದ್ದವನು. ಅಂಥ ನಾನು, ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಒಬ್ಬ ಹೆಣ್ಣುಮಗಳ ಓಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದರೆ ನೀವು ನಗಬಹುದು. ನಗಿ. ನನ್ನ ಹೆಂಡತಿ ರತ್ನ ಆಗಲೇ ಬೇಕಾದಷ್ಟು ನಕ್ಕಿದ್ದಾಳೆ.

ಓಟಿನ ವಿಷಯದಲ್ಲಿ ನನಗೆ ಇಷ್ಟು ಬಿಗುಮಾನ ಯಾಕೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಕೋಗಿಲು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ, ಎಂದರೆ ಈಗ ನಮ್ಮ ಮನೆ ನಿಂತಿರುವ ಜಾಗದಲ್ಲಿ ದ್ರಾಕ್ಷಿ ಚಪ್ಪರ ಇದ್ದ ಕಾಲದಲ್ಲಿ, ಚುನಾವಣೆಗೆ ನಿಂತವರು ಊರೊಳಗೆ ಕಾಲಿಟ್ಟರೆ ಮೊದಲು ಬರುತ್ತಿದ್ದದ್ದು ನಮ್ಮ ಮನೆಗೆ. ಅಪ್ಪ ಜಗಲಿಯ ಮೇಲೆ ಕೂತಿರುತ್ತಿದ್ದರು. ಬಂದವರು ಯಾವ ಪಕ್ಷದವರಾದರೂ ಮಜ್ಜಿಗೆ ಸಿಗುತ್ತಿತ್ತು. ಮಜ್ಜಿಗೆಯಲ್ಲಿ ಪಕ್ಷಭೇದ ಇರಲಿಲ್ಲ. ಆದರೆ ಎಲೆ ಅಡಿಕೆಯ ತಟ್ಟೆ ಎಲ್ಲರ ಮುಂದೆಯೂ ಬರುತ್ತಿರಲಿಲ್ಲ. ಅಪ್ಪ ಮಾತೆಲ್ಲ ಕೇಳಿ, ಮನಸ್ಸಿಗೆ ಬಂದರೆ ಮಾತ್ರ ಒಳಗೆ ತಿರುಗಿ, "ತಟ್ಟೆ ತಗೊಂಡ್ ಬಾರಮ್ಮಿ" ಎನ್ನುತ್ತಿದ್ದರು. ಅವ್ವ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು ಹೊರಗೆ ಬಂದರೆ ಮುಗಿಯಿತು. ನಮ್ಮ ಮನೆ, ಚಿಕ್ಕಪ್ಪನ ಮನೆ ಸೇರಿ ಹನ್ನೊಂದು ಓಟು ಆ ಮನುಷ್ಯನಿಗೆ ಖಾಯಂ. ಎಲೆ ಹಿಡಿದುಕೊಂಡು ಹೋದವನು ಸೋಲಬಹುದು, ಗೆದ್ದು ಮಾರನೆಯ ತಿಂಗಳೇ ಇನ್ನೊಂದು ಪಕ್ಷಕ್ಕೆ ಜಿಗಿಯಬಹುದು, ಅದು ಅವನ ಹಣೆಬರಹ. ನಮ್ಮ ಹನ್ನೊಂದು ಓಟು ಅಲ್ಲಾಡುತ್ತಿರಲಿಲ್ಲ. ತಟ್ಟೆ ಕೊಟ್ಟು ಮಾತು ತಪ್ಪಿದ ಮನೆ ಎಂದು ನಮ್ಮನ್ನು ಯಾರೂ ಬೊಟ್ಟು ಮಾಡಿ ತೋರಿಸಿಲ್ಲ. ಅಪ್ಪ ಹೋದ ಮೇಲೆ ತಟ್ಟೆಯ ಅಧಿಕಾರ ನನಗೆ ಬಂತು. ಹಳಬರು ಹೋದರೂ ಹೊಸಬರು ಸೇರಿ ಓಟು ಹನ್ನೊಂದೇ ಉಳಿದಿತ್ತು. ಆಸ್ತಿ ಭಾಗವಾದಾಗ ತಮ್ಮನಿಗೆ ಮೂಲೆ ಸೈಟು ಹೋಯಿತೆಂದು ನಾನು ಬೇಸರ ಮಾಡಿಕೊಳ್ಳಲಿಲ್ಲ. ತಟ್ಟೆ ನನಗೆ ಬಂದಿತ್ತಲ್ಲ.

ಆದರೆ ನನ್ನ ಕೈಗೆ ಬರುವಷ್ಟರಲ್ಲಿ ತಟ್ಟೆಯ ಕಾಲವೇ ಮುಗಿಯುತ್ತ ಬಂದಿತ್ತು. ಸುತ್ತಲೂ ಅಪಾರ್ಟ್‌ಮೆಂಟುಗಳೆದ್ದವು. ಒಂದೊಂದು ಗೇಟಿನ ಹಿಂದೆ ಸಾವಿರಾರು ಓಟು. ಓಟು ಕೇಳುವವರು ಅಲ್ಲಿ ಹೋಗಿ, ಕ್ಲಬ್ ಹೌಸಿನಲ್ಲಿ ಮೈಕು ಹಿಡಿದು, ಟ್ಯಾಂಕರ್ ನೀರಿನ ಬಗ್ಗೆ ಅರ್ಧ ಗಂಟೆ ಮಾತಾಡಿ, ಅದೇ ದಾರಿಯಲ್ಲಿ ವಾಪಸ್ಸು ಹೋಗತೊಡಗಿದರು. ಮೊದಮೊದಲು ನಮ್ಮ ಮನೆಯ ಮುಂದೆ ಜೀಪು ನಿಧಾನ ಮಾಡಿ ಕೈ ಮುಗಿಯುತ್ತಿದ್ದರು. ಆಮೇಲೆ ನಿಧಾನ ಮಾಡದೆ ಮುಗಿದರು. ಈಚಿನ ಲೋಕಸಭೆ ಚುನಾವಣೆಯಲ್ಲಂತೂ ನಾನು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ದಿನವೂ ಸಂಜೆ ಪೋರ್ಟಿಕೋದಲ್ಲಿ ಕೂತದ್ದೇ ಕೂತದ್ದು. ಒಬ್ಬರೂ ಬರಲಿಲ್ಲ. ಒಂದು ದಿನ ಆಟೋವೊಂದು ಮೈಕು ಕೂಗಿಕೊಂಡು ಬಂತು. ಎದ್ದು ನಿಂತೆ. ಹಳೆ ಫ್ರಿಡ್ಜು, ಹಳೆ ವಾಷಿಂಗ್ ಮೆಷಿನ್ ಕೊಳ್ಳುವವನು.

"ಒಳಗ್ ಬಂದು ಕೂತ್ಕೊಳ್ಳಿ, ಸೊಳ್ಳೆ" ಎಂದಳು ರತ್ನ.

ಎದುರು ಮನೆಯ ಪಿಳ್ಳಪ್ಪ ನನ್ನ ಓರಗೆಯವನು, ಬಾಲ್ಯದಿಂದಲೂ ನನ್ನ ಮುಖದ ಮೇಲೆ ನೊಣ ಕೂತರೂ ಊರಿಗೆಲ್ಲ ಹೇಳಿ ಬರುವವನು. ಅವನು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಗೋಯಿಂದಣ್ಣ, ಈ ಸಲ ತಟ್ಟೆಗೆ ರಜಾನಾ?" ಎಂದು ಕೇಳಿದ. ನಾನು ಎದ್ದು ಒಳಗೆ ಬಂದೆ. ಕೊನೆಗೆ ಯಾರ ಮಾತೂ ಇಲ್ಲದೆ, ಯಾರಿಗೂ ಎಲೆ ಕೊಡದೆ, ಹೋಗಿ ಓಟು ಹಾಕಿ ಬಂದೆ. ಕರೆಯದೆ ಮದುವೆ ಮನೆಗೆ ಹೋಗಿ ಉಂಡು ಬಂದ ಹಾಗಾಯಿತು.

ಇಂಥ ಹೊತ್ತಿನಲ್ಲಿ ಮೇಲಿನ ಮನೆಯ ಓಟು ಶುರುವಾಯಿತು. ಮೇಲಿನ ಮನೆಯಲ್ಲಿರುವವಳು ಕ್ಲೇರ್. ಫ್ರಾನ್ಸ್ ದೇಶದವಳು, ಮೂವತ್ತರ ಆಸುಪಾಸು, ವಿಮಾನ ನಿಲ್ದಾಣದ ಕಡೆ ವಿಮಾನದ ಬಿಡಿಭಾಗಗಳ ಕಂಪನಿಯೊಂದರಲ್ಲಿ ಇಂಜಿನಿಯರು. ಬಂದು ಮೂರು ವರ್ಷವಾಯಿತು. ಒಳ್ಳೆಯ ಹುಡುಗಿ. ರತ್ನನ ಹಿಂದೆ ಮುಂದೆ ಓಡಾಡಿ ಕನ್ನಡ ಕಲಿತಿದ್ದಾಳೆ. ಅವರ ಭಾಷೆಯಲ್ಲಿ ಹಕಾರ ಬಾಯಿಗೆ ಬರುವುದಿಲ್ಲವಂತೆ. ಕೋಗಿಲಿನ ಹಳಬರ ಬಾಯಿಗೂ ಬರುವುದಿಲ್ಲ. ಹೀಗಾಗಿ ಆಕೆ "ಅಂಕಲ್, ಆಲು ಬಂತಾ? ಇಂಗೆ ಲೇಟಾದ್ರೆ ಎಂಗೆ?" ಎಂದರೆ, ಕಣ್ಣು ಮುಚ್ಚಿ ಕೇಳಿದವರು ಪಿಳ್ಳಪ್ಪನ ಅತ್ತೆ ಮಾತಾಡುತ್ತಿದ್ದಾರೆ ಎಂದುಕೊಳ್ಳಬೇಕು.

ನಮ್ಮ ಚುನಾವಣೆಯ ಗಲಾಟೆ ಮುಗಿದು ಸ್ವಲ್ಪ ದಿನಕ್ಕೆ ಆಕೆ ಮೆಟ್ಟಿಲಿಳಿದು ಬಂದು, ತಮ್ಮ ದೇಶದಲ್ಲೂ ಇದ್ದಕ್ಕಿದ್ದ ಹಾಗೆ ಪಾರ್ಲಿಮೆಂಟ್ ಚುನಾವಣೆ ಬಂದಿದೆ ಎಂದಳು. "ಹಾಗಾದ್ರೆ ಊರಿಗೆ ಹೋಗ್ತೀಯಾ?" ಎಂದು ಕೇಳಿದೆ. "ಯಾಕೆ ಅಂಕಲ್? ಇಲ್ಲೇ ಓಟು. ಕಾನ್ಸುಲೇಟ್‌ನಲ್ಲಿ" ಎಂದಳು. ಹೊರದೇಶದಲ್ಲಿರುವ ಅವರ ಜನ ಇದ್ದ ಊರಿನಲ್ಲೇ, ತಮ್ಮ ದೇಶದ ಕಚೇರಿಗೆ ಹೋಗಿ ಓಟು ಹಾಕಿ ಬರಬಹುದಂತೆ. ನನ್ನ ಹೊಟ್ಟೆಯಲ್ಲಿ ಮೊದಲ ಕಡ್ಡಿ ಗೀರಿದ್ದು ಆಗಲೇ. ನನ್ನ ಭಾವಮೈದುನ, ರತ್ನನ ತಮ್ಮ, ಮಸ್ಕತ್ತಿನಲ್ಲಿ ಹೋಟೆಲೊಂದರ ಅಡುಗೆ ಮೇಲ್ವಿಚಾರಕ. ಅವನಿಗೆ ಓಟು ಹಾಕಬೇಕೆಂದರೆ ರಜೆ ಹಾಕಿ, ಟಿಕೆಟ್ ಕೊಂಡು, ಇಲ್ಲಿಗೆ ಬಂದು, ನಮ್ಮ ಸರ್ಕಾರಿ ಶಾಲೆಯ ಮುಂದೆ ಕ್ಯೂ ನಿಲ್ಲಬೇಕು. ಇವಳು ಇಲ್ಲಿಂದ ಹೆಬ್ಬಾಳ ದಾಟಿದರೆ ಸಾಕು. ಹೆಬ್ಬಾಳದ ಟ್ರಾಫಿಕ್ಕು ದಾಟುವುದೇನೂ ಸುಲಭವಲ್ಲ, ಒಪ್ಪುತ್ತೇನೆ. ಕೆಲವು ಸಂಜೆ ಮಸ್ಕತ್ತಿನಿಂದ ಬರುವುದೇ ಬೇಗ.

ಇಷ್ಟಾದರೆ ನಾನು ಸುಮ್ಮನಿರುತ್ತಿದ್ದೆ. ಆಕೆ ಮುಂದುವರಿದು, "ಶನಿವಾರ ಒಬ್ಬ ಕ್ಯಾಂಡಿಡೇಟ್ ಬರ್ತಾರೆ ಅಂಕಲ್, ಓಟು ಕೇಳೋಕೆ" ಎಂದಳು.

"ಎಲ್ಲಿಗೆ?"

"ಇಲ್ಲಿಗೆ. ನಮ್ಮನೆಗೆ."

ನಮ್ಮನೆ ಎಂದರೆ ನನ್ನ ಮನೆ. ನಾನು ಕಟ್ಟಿಸಿದ ಮೆಟ್ಟಿಲು ಹತ್ತಿ, ನಾನು ಬಣ್ಣ ಹೊಡೆಸಿದ ಬಾಗಿಲು ತಟ್ಟಿ, ಓಟು ಕೇಳುವುದು ಅವಳನ್ನು. ಹೊರದೇಶದಲ್ಲಿರುವವರಿಗೆಂದೇ ಅವರ ಪಾರ್ಲಿಮೆಂಟಿನಲ್ಲಿ ಬೇರೆ ಸೀಟುಗಳಿವೆಯಂತೆ. ಏಷ್ಯಾದ ಬಹುಪಾಲು ಮತ್ತು ಆಸ್ಟ್ರೇಲಿಯಾ ಎಲ್ಲ ಸೇರಿ ಇವರದೊಂದು ಕ್ಷೇತ್ರ. ಅದರಲ್ಲಿ ನಮ್ಮ ಕೋಗಿಲೂ ಒಳಗೊಂಡಿದೆ ಎಂಬುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಕ್ಷೇತ್ರದ ಅಭ್ಯರ್ಥಿಗೆ ಕೋಗಿಲಿಗೆ ಬರಲು ಪುರುಸೊತ್ತಿದೆ. ನಮ್ಮವರಿಗೆ ಯಲಹಂಕದಿಂದ ಇತ್ತ ತಿರುಗಲು ಪುರುಸೊತ್ತಿಲ್ಲ. ಆ ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ನನಗೆ ಹನ್ನೊಂದು ಓಟು ಇದ್ದೂ ಒಂದು ನರಪಿಳ್ಳೆಯೂ ಬರಲಿಲ್ಲ. ಅವಳಿಗೆ ಇರುವುದು ಒಂದೇ ಒಂದು ಓಟು, ಅದಕ್ಕಾಗಿ ಸಮುದ್ರ ದಾಟಿ ಬರುತ್ತಾರೆ. "ಬಂದ್ರೆ ಬರ್ಲಿ ಬಿಡ್ರೀ, ನಿಮಗ್ಯಾಕೆ ಹೊಟ್ಟೆ ಉರಿ?" ಎಂದಳು ರತ್ನ. "ನನಗೆಂಥ ಹೊಟ್ಟೆ ಉರಿ?" ಎಂದು ನಾನು ಎರಡು ಸಲ ಕೇಳಿದೆ. ಒಂದು ಸಲ ಕೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ.

ಶನಿವಾರ ಬಂತು. ಗಂಗಾನಗರ, ಆರ್.ಟಿ. ನಗರದ ಕಡೆ ಇರುವ ಕ್ಲೇರಳ ದೇಶದವರು ಐದಾರು ಜನ ಬಂದು ಆತನ ಮಾತು ಕೇಳುವುದೆಂದು ಏರ್ಪಾಡು. ಅಭ್ಯರ್ಥಿ ವಿಮಾನ ನಿಲ್ದಾಣದಿಂದ ನೇರ ಬರುವವರು, ಹೆಬ್ಬಾಳಕ್ಕೆ ಈಚೆಯ ದಾರಿ. ಮಿಕ್ಕವರದು ಆಚೆಯ ದಾರಿ. ಆ ಸಂಜೆ ಮೇಲ್ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು, ಆಚೆಯ ಮತದಾರರೆಲ್ಲ ಆಚೆಯೇ ಉಳಿದರು. ಹೀಗಾಗಿ, ಆ ಮನುಷ್ಯ ನಮ್ಮ ಗೇಟಿನ ಮುಂದೆ ಟ್ಯಾಕ್ಸಿ ಇಳಿದಾಗ ಅವರಿಗೆ ಕೋಗಿಲಿನಲ್ಲಿ ಸಿಗಬಹುದಾಗಿದ್ದದ್ದು ಇಡಿಯಾಗಿ ಒಂದು ಓಟು. ಹಿಂದೆ ಜನ ಇಲ್ಲ, ಹಾರ ಇಲ್ಲ, ಮೈಕು ಇಲ್ಲ. ಉದ್ದನೆಯ ಮನುಷ್ಯ, ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತಮ್ಮ ಬ್ಯಾಗು ತಾವೇ ಹೊತ್ತಿದ್ದರು. ಅದನ್ನು ನೋಡಿಯೇ ನನಗೆ ಅಯ್ಯೋ ಪಾಪ ಎನಿಸಿತು.

ನಾನು ಗೇಟಿನಲ್ಲೇ ಇದ್ದೆ. ಅಕಸ್ಮಾತ್ತಾಗಿ ಇದ್ದೆ. ಬಿಳಿ ಪಂಚೆಯೂ ಅಕಸ್ಮಾತ್ತೇ. ಕ್ಲೇರ್ ಅವರನ್ನು ಮೆಟ್ಟಿಲ ಕಡೆ ಕರೆದಳು. ನನಗೆ ತಡೆಯಲಾಗಲಿಲ್ಲ. "ಮೊದಲು ಕೆಳಗೆ ಕೂತು ಹೋಗ್ಲಮ್ಮ. ಮನೆ ಯಜಮಾನನ ಹತ್ತಿರ ಒಂದು ಗಳಿಗೆ ಕೂರದೆ ಯಾರೂ ಓಟು ಕೇಳಿಕೊಂಡು ಹೋಗಿಲ್ಲ ಈ ಮನೇಲಿ" ಎಂದೆ. ಆಕೆ ಅದನ್ನು ಅವರ ಭಾಷೆಗೆ ಏನೆಂದು ತಿರುಗಿಸಿದಳೋ, ಆತ ತಟ್ಟನೆ ಬೂಟು ಬಿಚ್ಚಿ, ಒಳಗೆ ಬಂದು, ನಮ್ಮಪ್ಪನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತರು. ರತ್ನ ಮಜ್ಜಿಗೆ ತಂದುಕೊಟ್ಟಳು. ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು.

ಆಮೇಲೆ ನಡೆದದ್ದಕ್ಕೆ ನಾನು ಪೂರ್ತಿ ಹೊಣೆಗಾರನಲ್ಲ. ಆತ ಸುಮ್ಮನೆ ಓಟು ಕೇಳಿಕೊಂಡು ಮೇಲೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಅದು ಬಿಟ್ಟು, ಈ ಜಾಗದಲ್ಲಿ ಮೊದಲು ಏನಿತ್ತು ಎಂದು ಕೇಳಿದರು. ದ್ರಾಕ್ಷಿ ಎಂದೆ. ಆತನ ಕಣ್ಣು ಅರಳಿತು. ಅವರಪ್ಪನೂ ದ್ರಾಕ್ಷಿ ಬೆಳೆಯುವವರಂತೆ. ಯಾವ ತಳಿ, ಎಷ್ಟು ಸಲ ಬಳ್ಳಿ ಸವರುತ್ತಿದ್ದಿರಿ, ಬೂದಿ ರೋಗ ಬಂದರೆ ಏನು ಹೊಡೆಯುತ್ತಿದ್ದಿರಿ, ಕೊಳವೆ ಬಾವಿ ಯಾವಾಗ ಬತ್ತಿತು, ಹೀಗೆ ಒಂದೊಂದಾಗಿ ಕೇಳಿದರು. ಕ್ಲೇರ್ ಪಾಪ, ಬೂದಿ ರೋಗಕ್ಕೆ ಮಾತು ಸಿಗದೆ ಕೈಕಾಲು ಆಡಿಸಿ ತಿಳಿಸಿದಳು. ಎಷ್ಟೋ ವರ್ಷದಿಂದ ಓಟು ಕೇಳುವವನೊಬ್ಬ ನನ್ನ ಮನೆಯಲ್ಲಿ ಕೂತು ನನ್ನ ಮಾತು ಕೇಳಿರಲಿಲ್ಲ. ನನ್ನ ಮಕ್ಕಳೇ ಕೇಳಿರಲಿಲ್ಲ. ಹೊಟ್ಟೆಕಿಚ್ಚೆಲ್ಲ ಎಲ್ಲಿ ಹೋಯಿತೋ. ಒಳಗೆ ತಿರುಗಿದೆ.

"ರತ್ನಾ, ತಟ್ಟೆ ತಗೊಂಡ್ ಬಾ" ಎಂದುಬಿಟ್ಟೆ.

ರತ್ನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. "ರೀ, ಅವರಿಗಾ?" ಎಂದಳು. ನಾನು ಹೂಂ ಎಂದೆ. ಹಿತ್ತಾಳೆ ತಟ್ಟೆ ಬಂತು. ನಾನು ಎದ್ದು ನಿಂತು ಎರಡೂ ಕೈಯಲ್ಲಿ ಎಲೆ ಅಡಿಕೆ ಕೊಟ್ಟು, "ಈ ಮನೆ ಓಟೆಲ್ಲ ನಿಮಗೇ" ಎಂದೆ. ಆತನೂ ಎದ್ದು ನಿಂತು, ಎರಡೂ ಕೈಯಲ್ಲಿ ಇಸಿದುಕೊಂಡು, ಎದೆಗೆ ಒತ್ತಿಕೊಂಡರು. ಅಷ್ಟರಲ್ಲಿ ಕಾಂಪೌಂಡಿನ ಮೇಲಿಂದ ಕೂಗು ಬಂತು. "ಏನ್ ಗೋಯಿಂದಣ್ಣಾ, ತಟ್ಟೆ ಈಚೆಗ್ ಬಂದ್ಬುಡ್ತಾ? ಯಾವ್ ಪಾರ್ಟಿ ದೊರೆನಪ್ಪ ಇವ್ನು?" ಪಿಳ್ಳಪ್ಪ ಬೇರೆ ಎಲ್ಲಿರುತ್ತಾನೆ? ಸಂಜೆ ದೀಪ ಹಚ್ಚುವಷ್ಟರಲ್ಲಿ ಊರಿಗೆಲ್ಲ ಸುದ್ದಿ. ಗೋವಿಂದಣ್ಣ ಫಾರಿನ್ನಿನವನಿಗೆ ಮನೆ ಮಾತು ಕೊಟ್ಟ.

ಆತ ಹೋದ ಮೇಲೆ ನಾನು ತುಂಬ ಖುಷಿಯಲ್ಲಿದ್ದೆ. ಲೋಟ ತೊಳೆಯಲು ರತ್ನನ ಜೊತೆ ಕ್ಲೇರ್ ನಿಂತಿದ್ದಳು. "ಒಳ್ಳೇ ಮನುಷ್ಯ ಕಣಮ್ಮ, ಗೆಲ್ತಾರೆ" ಎಂದೆ. ಆಕೆ ಸೆರಗಿಲ್ಲದಿದ್ದರೂ ರತ್ನನ ಹಾಗೆ ಪಕ್ಕಕ್ಕೆ ಕೈ ಒರೆಸಿಕೊಂಡು, "ಒಳ್ಳೆಯವರೇ ಅಂಕಲ್. ಆದ್ರೆ ನಾನು ಇನ್ನೂ ಡಿಸೈಡ್ ಮಾಡಿಲ್ಲ. ಇನ್ನೊಬ್ಬರು ಲೇಡಿ ಕ್ಯಾಂಡಿಡೇಟ್ ಇದಾರೆ. ಅವರು ಏಳೋದೂ ಸರಿ ಇದೆ" ಎಂದಳು.

ಆಗ ನನಗೆ ನಾನು ಮಾಡಿದ ಕೆಲಸ ಏನೆಂದು ಅರಿವಾಯಿತು. ಹನ್ನೊಂದು ಓಟಿನ ಮನೆ ಮಾತು ಕೊಟ್ಟಿದ್ದೇನೆ. ಆ ಹನ್ನೊಂದರಲ್ಲಿ ಒಂದೂ ಆ ಚುನಾವಣೆಯಲ್ಲಿ ನಡೆಯುವುದಿಲ್ಲ. ನಡೆಯುವುದು ಈ ಮನೆಯ ಸೂರಿನಡಿ ಒಂದೇ ಒಂದು, ಅದು ಕ್ಲೇರಳದು. ಅವಳು ಇತ್ತ ಹಾಕಿದರೆ ನಮ್ಮಪ್ಪನ ಕಾಲದಿಂದ ಬಂದ ಮಾತು ಉಳಿಯಿತು, ಅತ್ತ ಹಾಕಿದರೆ ಹೋಯಿತು. ತಟ್ಟೆ ಕೊಟ್ಟು ಮಾತು ತಪ್ಪಿದ ಮೊದಲನೆಯವನು ನಾನಾಗುತ್ತೇನೆ. ಅದೂ ಯಾರ ಮುಂದೆ? ಪಿಳ್ಳಪ್ಪನ ಮುಂದೆ.

ಅಲ್ಲಿಂದ ಮುಂದೆ ನಾನು ಓಟು ಕೇಳುವವನಾದೆ. ನಮ್ಮ ವಂಶದಲ್ಲಿ ಓಟು ಕೇಳಿಸಿಕೊಂಡವರಿದ್ದಾರೆಯೇ ಹೊರತು ಕೇಳಿದವರಿಲ್ಲ. ಆ ಕೆಲಸ ಇಷ್ಟು ಕಷ್ಟ ಎಂದು ಗೊತ್ತಿದ್ದರೆ ಹಿಂದೆ ಬಂದವರಿಗೆಲ್ಲ ಮಜ್ಜಿಗೆಯ ಜೊತೆ ಏನಾದರೂ ಕರಿದದ್ದನ್ನೂ ಕೊಡುತ್ತಿದ್ದೆ. ಮೇಲಿನ ಮನೆಯ ಬಾತ್‌ರೂಮಿನ ಗೀಸರು ಹೋದ ಮಳೆಗಾಲದಿಂದ ಸತಾಯಿಸುತ್ತಿತ್ತು. ಕ್ಲೇರ್ ಎರಡು ಮೂರು ಸಲ ಹೇಳಿದ್ದಳು, ನಾನು "ನಾಳೆ" ಎಂದಿದ್ದೆ. ಮರುದಿನವೇ ಹೊಸ ಗೀಸರು ಹಾಕಿಸಿದೆ. ಟೆರೇಸಿನ ಮೇಲೆ ಬಟ್ಟೆ ಒಣಗಿಸುವ ತಂತಿ ಬದಲಾಯಿಸಿದೆ. ಅವಳ ಸ್ಕೂಟರು ನಿಲ್ಲಿಸುವ ಕಡೆ ನೆರಳಿಗೆ ಶೀಟು ಹೊದಿಸಿದೆ. ಗುರುವಾರ ರತ್ನನಿಗೆ ಹೇಳಿ ಒಬ್ಬಟ್ಟು ಮಾಡಿಸಿ ಮೇಲೆ ಕಳಿಸಿದೆ. ರತ್ನ ಒಬ್ಬಟ್ಟಿನ ಡಬ್ಬಿ ಕೈಯಲ್ಲಿ ಹಿಡಿದು, "ರೀ, ಇದು ಮತದಾರರಿಗೆ ಆಮಿಷ ಒಡ್ಡೋದು ಅಲ್ವಾ?" ಎಂದಳು. "ಹಬ್ಬದ ತಿಂಡಿ" ಎಂದೆ. "ಯಾವ ಹಬ್ಬ?" ಎಂದಳು. ನಾನು ಪೇಪರು ಹಿಡಿದುಕೊಂಡೆ.

ಮತದಾರಳೆಂದರೆ ಎಂಥ ವಿಚಿತ್ರ ಪ್ರಾಣಿ ಎಂದು ನನಗೆ ಆ ವಾರ ಗೊತ್ತಾಯಿತು. ಗೀಸರಿಗೆ ಥ್ಯಾಂಕ್ಸ್ ಎಂದಳು. ಶೀಟಿಗೆ ಥ್ಯಾಂಕ್ಸ್ ಎಂದಳು. ಒಬ್ಬಟ್ಟು ಎಷ್ಟು ಚೆನ್ನಾಗಿದೆ ಎಂದು ಡಬ್ಬಿ ತೊಳೆದು ವಾಪಸ್ಸು ತಂದುಕೊಟ್ಟಳು. ಓಟಿನ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಒಂದು ಸಂಜೆ ಮೆಟ್ಟಿಲ ಮೇಲೆ ಅಡ್ಡ ನಿಂತು, ಕೈ ಮುಗಿದೇ ಬಿಟ್ಟೆ. "ನೋಡಮ್ಮ, ನಾನು ಅವರಿಗೆ ಎಲೆ ಕೊಟ್ಟಿದೀನಿ. ಮನೆ ಮರ್ಯಾದೆ ನಿನ್ನ ಕೈಲಿದೆ" ಎಂದೆ. ಆಕೆಗೆ ನಗು ಬರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ನನ್ನ ಮುಗಿದ ಕೈ ಹಿಡಿದು ಕೆಳಗಿಳಿಸಿ, "ಅಂಕಲ್, ಇಂಗ್ ಮಾಡ್ಬೇಡಿ. ಎಲೆ ನೀವು ಕೊಟ್ಟಿದ್ದು. ಓಟು ನನ್ನದು" ಎಂದು ಮೆಲ್ಲಗೆ ಹೇಳಿ ಮೇಲೆ ಹತ್ತಿ ಹೋದಳು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕುತ್ತ ನಾನು ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಭಾನುವಾರ ಓಟು. ಕಾರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ನಮ್ಮ ಕಡೆ ಮತದಾರರನ್ನು ಬೂತಿಗೆ ಮುಟ್ಟಿಸುವುದು ಓಟು ಕೇಳಿದವರ ಕೊನೆಯ ಕರ್ತವ್ಯ. ಬೆಳಿಗ್ಗೆ ಹೆಬ್ಬಾಳ ಬಿಕೋ ಎನ್ನುತ್ತಿತ್ತು. ಕೆರೆಯ ಮೇಲೆ ಹಕ್ಕಿಗಳು ಆರಾಮವಾಗಿದ್ದವು. ದಾರಿಯುದ್ದಕ್ಕೂ ನಾನು ದ್ರಾಕ್ಷಿ ಬೆಳೆಯ ವಿಷಯ ಮಾತಾಡಿದೆ, ಆಕೆ ಕಿಟಕಿಯಾಚೆ ನೋಡುತ್ತಿದ್ದಳು. ಕಾನ್ಸುಲೇಟಿನ ಗೇಟಿನಲ್ಲಿ ಕಾವಲಿನವರು ಅವಳ ಪಾಸ್‌ಪೋರ್ಟ್ ನೋಡಿ ಒಳಗೆ ಬಿಟ್ಟರು. ನನ್ನನ್ನು ನೋಡಿ, "ಸಾರ್, ಓಟಿರೋರು ಮಾತ್ರ" ಎಂದರು. ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು, ಆದರೆ ನನಗೆ ಚುಚ್ಚಿತು. ಹನ್ನೊಂದು ಓಟಿನ ಯಜಮಾನ ರಸ್ತೆಯಾಚೆ ಮರದ ಕೆಳಗೆ ಕಾರಿನಲ್ಲಿ ಕೂತೆ.

ಅಲ್ಲಿಂದ ನೋಡುತ್ತ ನನಗೆ ಮತ್ತೆ ಹೊಟ್ಟೆ ಉರಿಯತೊಡಗಿತು. ಬಿಸಿಲಲ್ಲಿ ಕ್ಯೂ ಇಲ್ಲ. ಲಾಠಿ ಇಲ್ಲ. ನೂರು ಮೀಟರಿನ ಗೆರೆಯಾಚೆ ಮೇಜು ಹಾಕಿಕೊಂಡು ಚೀಟಿ ಬರೆಯುತ್ತ, ಹೋಗಿ ಬರುವವರ ಮುಖ ನೋಡುವ ಪಕ್ಷದ ಹುಡುಗರಿಲ್ಲ. ಚಡ್ಡಿ ಹಾಕಿದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು ಬಂದು ಹೋಗುತ್ತಿದ್ದರು. ಗೇಟಿನ ಹತ್ತಿರ ಪರಿಚಯದವರು ಸಿಕ್ಕರೆ ಕೆನ್ನೆಗೆ ಕೆನ್ನೆ ತಾಗಿಸಿ ಮಾತಾಡುತ್ತ ನಿಲ್ಲುತ್ತಿದ್ದರು. ತಮ್ಮ ದೇಶದಿಂದ ಇಷ್ಟು ದೂರ ಬಂದವರು ಮನೆಯಂಗಳದಲ್ಲಿ ನಿಂತ ಹಾಗೆ ನಿಂತಿದ್ದರು. ನನ್ನ ಮನೆಯಂಗಳದಲ್ಲಿ ನಾನು ಹಾಗೆ ನಿಂತು ಎಷ್ಟು ದಿನವಾಯಿತೋ.

ಕ್ಲೇರ್ ಬಂದಳು. ಮೊದಲು ಅವಳ ಬೆರಳು ನೋಡಿದೆ. ಮಸಿಯೇ ಇಲ್ಲ. ಅವರಲ್ಲಿ ಹಚ್ಚುವುದಿಲ್ಲವಂತೆ. ಒಳಗೆ ಹೇಗೆ ಎಂದು ಕೇಳಿದೆ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಚೀಟಿ ಮೇಜಿನ ಮೇಲೆ ಗುಡ್ಡೆ ಹಾಕಿರುತ್ತಾರಂತೆ. ಬೇರೆ ಬೇರೆಯವರ ಚೀಟಿ ಎತ್ತಿಕೊಂಡು, ಪರದೆಯ ಹಿಂದೆ ಹೋಗಿ, ಬೇಕಾದದ್ದೊಂದನ್ನು ಲಕೋಟೆಯೊಳಗಿಟ್ಟು, ಮಿಕ್ಕದ್ದನ್ನು ಬುಟ್ಟಿಗೆ ಎಸೆದು ಬರುವುದಂತೆ. ಲಕೋಟೆ ಪೆಟ್ಟಿಗೆಯೊಳಗೆ ಬಿದ್ದ ತಕ್ಷಣ ಅಲ್ಲಿ ಕೂತವರು ಎಲ್ಲರಿಗೂ ಕೇಳುವ ಹಾಗೆ, 'ಓಟು ಹಾಕಿದ್ದಾಯಿತು' ಎಂದು ಗಟ್ಟಿಯಾಗಿ ಸಾರುತ್ತಾರಂತೆ. ನಾನು ಇಷ್ಟು ಚುನಾವಣೆ ಕಂಡಿದ್ದೇನೆ, ಒಬ್ಬರೂ ನನಗಾಗಿ ಕೂಗಿಲ್ಲ. ಮೆಷಿನ್ನು ಕೀ ಎನ್ನುತ್ತದೆ, "ನೆಕ್ಸ್ಟ್" ಎನ್ನುತ್ತಾರೆ.

"ಲಕೋಟೆ ಒಳಗೆ ಯಾರ ಚೀಟಿ ಹೋಯ್ತು?" ಎಂದು ರಸ್ತೆಯ ಮೇಲೆ ಕಣ್ಣಿಟ್ಟು, ಏನೋ ಲೋಕಾಭಿರಾಮವಾಗಿ ಕೇಳುವವನ ಹಾಗೆ ಕೇಳಿದೆ.

"ಅಂಕಲ್, ಪರದೆ ಯಾಕೆ ಆಕಿದಾರೆ?" ಎಂದಳು.

ಅವರಲ್ಲಿ ಎರಡು ಸುತ್ತಿನ ಚುನಾವಣೆ. ನನ್ನ ಅಭ್ಯರ್ಥಿ ಮೊದಲ ಸುತ್ತಿನಲ್ಲೇ ಬಿದ್ದುಹೋದರು. ಪಿಳ್ಳಪ್ಪನಿಗೆ ಅದು ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಮೊಮ್ಮಗನ ಮೊಬೈಲಿನಲ್ಲಿ ಹುಡುಕಿಸಿರಬೇಕು. ಬೆಳಿಗ್ಗೆ ಹಾಲಿಗೆ ಹೋದಾಗ, "ನಿನ್ ದೊರೆ ಬಿದ್ಬುಟ್ನಂತಲ್ಲ! ನಿಮ್ಮನೆ ಓಟು ಬಿತ್ತೋ ಇಲ್ವೋ?" ಎಂದ. ಬಿತ್ತು ಎನ್ನಲು ಗೊತ್ತಿಲ್ಲ, ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಮನೆಗೆ ಬಂದು ಅಡುಗೆಮನೆಯಲ್ಲಿ ಎಗರಾಡಿದೆ. ಒಂದೇ ಸೂರಿನಡಿ ಇದ್ದುಕೊಂಡು, ಮನೆಯ ಒಬ್ಬಟ್ಟು ತಿಂದು, ಮನೆ ಮಾತಿಗೆ ಬೆಲೆ ಕೊಡದಿದ್ದರೆ ಏನರ್ಥ? ನಮ್ಮಪ್ಪನ ಕಾಲದಲ್ಲಿ ಹೀಗಿತ್ತೇ? ತಟ್ಟೆ ಹೊರಗೆ ಬಂದರೆ ಹನ್ನೊಂದೂ ಓಟು ಒಂದೇ ಕಡೆ ಬೀಳುತ್ತಿರಲಿಲ್ಲವೇ?

ರತ್ನ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ, "ಹಂಗಂತ ನಿಮಗೆ ಯಾರ್ ಹೇಳಿದ್ದು?" ಎಂದಳು.

"ಏನು?"

"ಹನ್ನೊಂದೂ ಒಂದೇ ಕಡೆ ಬೀಳ್ತಿತ್ತು ಅಂತ. ಮಾವನೋರು ತಟ್ಟೆ ಕೊಟ್ಟೋರಿಗೇ ನಾನು ಹಾಕ್ತಿದ್ದೆ ಅಂದ್ಕೊಂಡಿದ್ರಾ?"

ನಾನು ಹಾಲಿನ ಪ್ಯಾಕೆಟ್ಟು ಕೆಳಗಿಟ್ಟೆ.

"ಮದ್ವೆ ಆಗಿ ಬಂದ ಮೊದಲನೇ ಎಲೆಕ್ಷನ್ನಿಂದಾನೂ ನನಗೆ ಬೇಕಾದೋರಿಗೇ ಹಾಕ್ಕೊಂಡ್ ಬಂದಿದೀನಿ" ಎಂದಳು ರತ್ನ, ಉಪ್ಪು ಕಮ್ಮಿಯಾಗಿದೆ ಎಂದು ಹೇಳುವಷ್ಟು ಸಹಜವಾಗಿ. "ಅತ್ತೆನೂ ಅಷ್ಟೇ. ತಟ್ಟೆ ತಂದು ಇಡೋರು, ಬೂತ್‌ನಲ್ಲಿ ಇನ್ನೊಬ್ರಿಗೆ ಹಾಕೋರು. ಬರ್ತಾ ದಾರೀಲಿ ಇಬ್ರೂ ಸೆರಗು ಬಾಯಿಗಿಟ್ಕೊಂಡು ನಗ್ತಿದ್ವಿ."

ಹಿತ್ತಾಳೆ ತಟ್ಟೆ ಹಿಡಿದುಕೊಂಡು ತಲೆ ತಗ್ಗಿಸಿ ಬರುತ್ತಿದ್ದ ನಮ್ಮವ್ವ! ನಾನು ಸ್ಟೂಲಿನ ಮೇಲೆ ಕೂತೆ. ಚಿಕ್ಕಮ್ಮನ ಬಗ್ಗೆ ಕೇಳಲು ಧೈರ್ಯ ಸಾಲಲಿಲ್ಲ. ಹನ್ನೊಂದರಲ್ಲಿ ಹೆಂಗಸರೆಷ್ಟು ಎಂದು ಮನಸ್ಸಿನಲ್ಲೇ ಎಣಿಸಿ, ಅರ್ಧಕ್ಕೇ ಬಿಟ್ಟೆ. "ಯಾರಿಗೆ ಹಾಕ್ತಿದ್ದೆ?" ಎಂದು ಕೇಳಿದೆ.

"ಕ್ಲೇರ್ ಹೇಳಿದ್ಲಾ ನಿಮಗೆ?"

"ಇಲ್ಲ."

"ನಾನೂ ಹೇಳಲ್ಲ" ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ನಲ್ಲಿಯ ಕಡೆ ಹೋದಳು.

ಕ್ಲೇರಳ ಮೇಲಿನ ಹೊಟ್ಟೆಕಿಚ್ಚು ಅವತ್ತೇ ಆರಿಹೋಯಿತು. ಅವಳಿಗೊಂದು ಓಟು, ನನಗೊಂದು ಓಟು, ಲೆಕ್ಕ ಸಮ. ಈಗ ಉರಿಯುತ್ತಿರುವುದು ಬೇರೆ. ಮದುವೆಯಾದಂದಿನಿಂದ ನನ್ನ ಹೆಂಡತಿ ನನ್ನ ಕಣ್ಣೆದುರಿಗೇ ಬೂತಿಗೆ ಹೋಗಿ, ಪರದೆಯ ಹಿಂದೆ ನಿಂತು, ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಮುದ್ರೆಯನ್ನೋ ಗುಂಡಿಯನ್ನೋ ಒತ್ತಿ, ಏನೂ ಆಗದವಳ ಹಾಗೆ ಬಂದು ನನಗೆ ಉಪ್ಪಿಟ್ಟು ಮಾಡಿ ಹಾಕಿದ್ದಾಳೆ. ಯಾರವನು? ಸಂಜೆ ವಾಕಿಂಗಿಗೆ ಹೋದಾಗ ಕ್ರಾಸಿನಲ್ಲಿ ಕಟ್ಟಿರುವ ಫ್ಲೆಕ್ಸುಗಳ ಮುಂದೆ ನಿಲ್ಲುತ್ತೇನೆ. ಹಬ್ಬದ ಶುಭಾಶಯ ಕೋರುತ್ತ, ಕೈ ಮುಗಿದು ನಗುವ ಒಂದೊಂದೇ ಮುಖವನ್ನು ನೋಡುತ್ತೇನೆ. ಈ ಮೀಸೆಯವನೇ? ರತ್ನನಿಗೆ ಮೀಸೆ ಇಷ್ಟ ಎಂದುಕೊಂಡು ನಾನು ಇಷ್ಟು ವರ್ಷ ಮೀಸೆ ಬಿಟ್ಟವನು. ಆ ಕನ್ನಡಕದವನೇ? ಹಿಂದೆ ಒಂದು ಸಲ ಅವನು ಟಿವಿಯಲ್ಲಿ ಮಾತಾಡುವಾಗ ರತ್ನ ಸೌಂಡು ಜಾಸ್ತಿ ಮಾಡಿದ್ದಳು. ಅದು ಯಾಕೆ ಎಂದು ಈಗ ಯೋಚಿಸಿದರೆ ನಿದ್ದೆ ಬರುವುದಿಲ್ಲ.

ಮೊನ್ನೆ ಹಾಗೇ ಒಂದು ಫ್ಲೆಕ್ಸಿನ ಮುಂದೆ ನಿಂತಿದ್ದೆ. ಹಿಂದಿನಿಂದ ಪಿಳ್ಳಪ್ಪ ಬಂದ. "ಏನ್ ಗೋಯಿಂದಣ್ಣ, ಇಂಗ್ ನೋಡ್ತಾ ನಿಂತ್ಬುಟ್ಟಿದೀಯ? ಮುಂದಿನ್ ಸಲ ತಟ್ಟೆ ಇವ್ನಿಗಾ?" ಎಂದ.

"ಗೊತ್ತಿಲ್ಲಪ್ಪ. ರತ್ನನ್ನ ಕೇಳ್ಬೇಕು" ಎಂದೆ.

ಪಿಳ್ಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಣ್ಣೆಂಗಸ್ರುನ್ನ ಏನ್ ಕೇಳದಪ್ಪ! ನಮ್ಮನೇಲಿ ಏಳ್ ಓಟವೆ. ನಾನ್ ಏಳ್ದೋರಿಗೆ ಏಳೂ ಬೀಳ್ತವೆ" ಎಂದು ಎದೆ ತಟ್ಟಿಕೊಂಡ. ಅವನ ಹೆಂಡತಿಯೂ ರತ್ನನೂ ಓಟಿನ ದಿನ ಒಟ್ಟಿಗೇ ನಡೆದುಕೊಂಡು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬರುವಾಗ ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡಿರುತ್ತಿದ್ದರು. ನಾನು ವಾಕಿಂಗು ಮುಂದುವರಿಸಿದೆ. ಆ ಏಳು ಓಟು ಇನ್ನೂ ತನ್ನ ಜೇಬಿನಲ್ಲೇ ಇವೆ ಎಂದು ನಂಬಿಕೊಂಡು, ರಾತ್ರಿ ಉಂಡು ಗೊರಕೆ ಹೊಡೆಯುವ ಸುಖ ಅವನಿಗಿದೆ. ನಿಜ ಹೇಳಬೇಕೆಂದರೆ, ಈಗ ನನಗೆ ಹೊಟ್ಟೆಕಿಚ್ಚು ಅವನ ಮೇಲೆ.